ಚಿಂದಿ ಬಟ್ಟೆಯ ಪೂರ್ವೋತ್ತರ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ಪೀತಾಂಬರದ ಕಡೆಗೆ ಓಡುವುದು ಸಹಜ. ಕೋಟೆ, ಕಾಳಗ, ದಾನಶಾಸನಗಳ ಮಾತು ಬರಬೇಕಾದ ಸ್ಮರಣ ಸಂಚಿಕೆಯ ಪುಟಗಳಲ್ಲಿ ಹರಿದ ಬಟ್ಟೆಯ ಚೂರುಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ನೆಲೆನಿಂತ ಕನ್ನಡಿಗರಲ್ಲಿ ಬಹು ಮನೆತನಗಳ ಅನ್ನವು ನೂಲಿನಿಂದ ಬಂದದ್ದು. ನೂಲಿನ ಚರಿತ್ರೆಯನ್ನು ಬರೆಯುವವನು ಅದರ ಕಟ್ಟಕಡೆಯ ಅವಸ್ಥೆಯನ್ನೂ ಬರೆಯಬೇಕಾಗುತ್ತದೆ.

ಈಚೆಗೆ ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ‘ಚಿಂದಿ’ ಎಂಬ ಮಾತು ಬಂದಿತು. ಅರ್ಥವೇನೆಂದು ಕೇಳಿದೆ, ಯಾರೂ ಬಾಯಿ ಬಿಡಲಿಲ್ಲ. ಹಲಗೆ ಒರಸುವ ಬಟ್ಟೆಯ ಚೂರನ್ನೇ ಎತ್ತಿ ತೋರಿಸಿ ಇದೇನೆಂದು ಕೇಳಿದಾಗ, ನೇಕಾರರ ಮನೆಯ ಹುಡುಗನೊಬ್ಬನು ಎದ್ದು ನಿಂತು ‘ವೇಸ್ಟು, ಸಾರ್’ ಎಂದನು. ಹುಡುಗನ ತಪ್ಪೇನೂ ಇಲ್ಲ. ಅವನ ಸುತ್ತಮುತ್ತಲ ಊರುಗಳಲ್ಲಿ ಆ ವಸ್ತುವು ಆ ಹೆಸರಿನಿಂದಲೇ ಮೂಟೆಗಟ್ಟಲೆ ಕ್ರಯವಿಕ್ರಯವಾಗುತ್ತಿದೆ. ಆದರೆ ನೇಯ್ದು ಬದುಕಿದವರ ಮನೆಯಲ್ಲಿ ಬಟ್ಟೆಯ ತುಣುಕಿಗೆ ಈ ಹೆಸರು ಬಂದದ್ದು ಎಂದಿನಿಂದ ಎಂಬ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೊದಲು ಮಾತಿನಿಂದಲೇ ತೊಡಗೋಣ. ಹಳ್ಳಿಗಳಲ್ಲಿ ಇಂದಿಗೂ ಬಟ್ಟೆಗೆ ‘ಅರಿವೆ’ ಎನ್ನುವುದುಂಟು. ಇದರ ಹಳೆಯ ರೂಪ ‘ಅಱುವೆ’. ತಮಿಳಿನಲ್ಲಿ ಇದೇ ‘ಅಱುವೈ’ ಆಗಿದೆ. ಸಂಘಕಾಲದ ಕವಿಗಳಲ್ಲಿ ಒಬ್ಬನಿಗೆ ‘ಅಱುವೈ ವಾಣಿಗನ್’, ಎಂದರೆ ಬಟ್ಟೆಯ ವರ್ತಕ, ಎಂಬ ವಿಶೇಷಣವೇ ಇದೆ. ಎರಡಕ್ಕೂ ಮೂಲವು ಕಡಿದುಹೋಗು ಎಂಬರ್ಥದ ‘ಅಱು’ ಧಾತು. ನೂಲಿನ ಹಾಸು ಮಗ್ಗದ ಮೇಲೆ ನೀಳವಾಗಿ ಸಾಗುತ್ತದೆ. ನೇಯ್ದಷ್ಟನ್ನು ಕತ್ತರಿಸಿ ಇಳಿಸಿದಾಗ ಅದು ಅರಿವೆಯೆನಿಸುತ್ತದೆ. ಇನ್ನು ಬಟ್ಟೆಗೆ ತಮಿಳರು ನಿತ್ಯವೂ ಆಡುವ ಮಾತು ‘ತುಣಿ’. ಅದಕ್ಕೂ ಕತ್ತರಿಸಿದ್ದು ಎಂದೇ ಅರ್ಥ. ನಮ್ಮ ‘ತುಣುಕು’ ಅದರ ಒಡಹುಟ್ಟು. ಹೀಗಾಗಿ ನಮ್ಮ ನೆರೆಮನೆಯವರು ಇಡೀ ಸೀರೆಗೆ ಹೇಳುವ ಮಾತನ್ನೇ ನಾವು ಅದರ ಚೂರಿಗೆ ಹೇಳುತ್ತೇವೆ! ಗಡಿಯಲ್ಲಿ ಬಾಳುವವರಿಗೆ ಇಂತಹ ನಂಟು ಕಂಡಾಗ ಆಗುವ ಸಂತೋಷವನ್ನು ದೂರದವರಿಗೆ ವಿವರಿಸುವುದು ಕಷ್ಟ. ಅದಿರಲಿ. ಇಡೀ ಬಟ್ಟೆಯೇ ಒಂದು ತುಂಡು ಎಂದು ತಿಳಿದಿದ್ದ ಜನರಿಗೆ ತುಂಡು ತುಚ್ಛವಾಗಿ ಕಾಣುವುದು ಹೇಗೆ?

ಮಗ್ಗದ ಕಾಲದಲ್ಲಿ ಚಿಂದಿಯೆಂಬುದು ಹೆಚ್ಚಾಗಿ ಹುಟ್ಟುತ್ತಲೇ ಇರಲಿಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಈ ಸೀಮೆಯಲ್ಲಿ ಕನ್ನಡ ಮಾತನಾಡುವ ನೇಕಾರರು ಬಹುಮಟ್ಟಿಗೆ ದೇವಾಂಗರು. ಥರ್ಸ್ಟನ್ ಎಂಬ ಆಂಗ್ಲ ವಿದ್ವಾಂಸನು ೧೯೦೯ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ, ದೇವಾಂಗರು ತೆಲುಗು ಇಲ್ಲವೆ ಕನ್ನಡವನ್ನಾಡುವ ನೇಕಾರರು ಎಂದೇ ಹೇಳಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಕೈಸೇರಿದ ಕೊಂಗುನಾಡು ೧೭೯೯ರಲ್ಲಿ ಇಂಗ್ಲಿಷರ ವಶವಾಯಿತು. ಕೊಳ್ಳೇಗಾಲವಂತೂ ೧೯೫೬ರವರೆಗೂ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯದ ಎಲ್ಲೆಗಳು ಹೀಗೆ ಅತ್ತಿತ್ತ ಸರಿದರೂ ಸಿರುಮುಗೈಯಲ್ಲಿ, ನೆಗಮಂನಲ್ಲಿ ಮಗ್ಗದ ಸದ್ದು ನಿಲ್ಲಲಿಲ್ಲ. ಚೌಡೇಶ್ವರಿಯೂ ಮನೆದೇವತೆಯಾಗಿ ಉಳಿದಳು. ಸುರಪುರ ಸೀಮೆಯ ಮುದನೂರಿನವನಾಗಿ, ಮಗ್ಗದ ಕಾಯಕ ಮಾಡುತ್ತ ವಚನ ಹೇಳಿದ ಹನ್ನೊಂದನೆಯ ಶತಮಾನದ ಜೇಡರ ದಾಸಿಮಯ್ಯನ ಹೆಸರು ಇಲ್ಲಿಯ ಮನೆಗಳಿಗೂ ಅಪರಿಚಿತವಲ್ಲ.

ಈ ಮಗ್ಗಗಳು ನೇಯ್ದದ್ದು ಸೀರೆ, ಧೋತ್ರ, ವಲ್ಲಿ, ಚೌಕ. ಇವೆಲ್ಲವೂ ಅಳತೆಗೆ ತಕ್ಕಂತೆ ನೇಯ್ದು ಇಳಿಸಿದವು. ಅಂಚಿನಿಂದ ಅಂಚಿಗೆ, ಸೆರಗಿನಿಂದ ಸೆರಗಿಗೆ ಪೂರ್ಣವಾದವು. ಉಡುವವರು ಇವುಗಳಿಗೆ ಕತ್ತರಿ ಹಾಕುತ್ತಿರಲಿಲ್ಲ. ಮಗ್ಗದಲ್ಲಿ ಮಿಗುತ್ತಿದ್ದುದು ಬಟ್ಟೆಯಲ್ಲ, ನೂಲು. ಹಾಸಿನ ಕೊನೆಯಲ್ಲಿ ಲಾಳಿಯಾಡಲು ಎಡೆಯಿಲ್ಲದೆ ಗೇಣುದ್ದದ ಎಳೆಗಳ ಕುಚ್ಚು ಉಳಿಯುತ್ತದೆ. ಅದನ್ನೂ ಚೆಲ್ಲುತ್ತಿರಲಿಲ್ಲ, ಕಡಿದ ಎಳೆಗೆ ಗಂಟು ಹಾಕಲು, ಹೂ ಕಟ್ಟಲು, ಮೂಟೆಯ ಬಾಯಿ ಬಿಗಿಯಲು ಆಗುತ್ತಿತ್ತು.

ಹಾಗಾದರೆ ಚಿಂದಿ ಬರುತ್ತಿದ್ದುದು ಎಲ್ಲಿಂದ? ಬಟ್ಟೆಯ ಮುಪ್ಪಿನಿಂದ. ಸೀರೆಯು ಮೊದಲು ಹರಿಯುವುದು ನೆರಿಗೆಯ ಕೆಳಗಿನ ಅಂಚಿನಲ್ಲಿ, ಬಳಿಕ ಕೂರುವ ಕಡೆಯಲ್ಲಿ. ಗಟ್ಟಿ ಉಳಿದ ಭಾಗವು ಮಗಳಿಗೆ ಲಂಗವಾಗುತ್ತಿತ್ತು; ಮೆತ್ತಗಾದ ಭಾಗ ತೊಟ್ಟಿಲಿಗೂ ಬಾಣಂತಿಯ ಕೋಣೆಗೂ ಹೋಗುತ್ತಿತ್ತು. ಕೂಸಿನ ಮೈಗೆ ಹೊಸ ಬಟ್ಟೆ ಒರಟು ಎಂಬ ಅನುಭವಜ್ಞಾನವು ನಮ್ಮ ಅಜ್ಜಿಯರಿಗಿತ್ತು. ಆಮೇಲೆ ಉಳಿದವು ಒಂದರ ಮೇಲೊಂದು ಪದರವಾಗಿ ಹಾಸಿಗೆಗೆ, ಅಲ್ಲಿಂದ ಒಲೆಯ ಬಳಿಯ ಮಸಿಬಟ್ಟೆಗೆ. ಎಲ್ಲ ಮುಗಿದ ಮೇಲೆ ಕೋಲಿಗೆ ಸುತ್ತಿಸಿಕೊಂಡು, ಎಣ್ಣೆ ಕುಡಿದು, ದೇವರ ಉತ್ಸವದ ಪಂಜಾಗಿ ಉರಿದುಹೋಗುತ್ತಿತ್ತು. ಬಟ್ಟೆಯ ಆಯುಸ್ಸಿನ ಈ ಉತ್ತರಾರ್ಧಕ್ಕೆ ಸರ್ಕಾರದ ಕಾಗದಪತ್ರಗಳಲ್ಲಿ ಸ್ಥಳವಿಲ್ಲ. ಮಗ್ಗಗಳನ್ನು ಎಣಿಸಿದ ಅಧಿಕಾರಿಗಳುಂಟು, ಕಂದಾಯ ಹಾಕಿದವರುಂಟು. ಹೆಂಗಸರು ಸೂಜಿಯಿಂದ ನಡೆಸಿದ ಈ ಎರಡನೆಯ ಉದ್ಯೋಗವನ್ನು ಎಣಿಸಿದವರಿಲ್ಲ.

ತುಂಡು ಜೋಡಿಸಿ ಹೊಲಿದ ಹೊದಿಕೆಗೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ‘ಕೌದಿ’ಯೆಂಬುದು ಎಲ್ಲರೂ ಬಲ್ಲದ್ದು. ‘ಬೊಂತೆ’ ಇನ್ನೊಂದು. ಸಂಸ್ಕೃತದ ‘ಕಂಥಾ’ ಶಬ್ದವು ನಮ್ಮಲ್ಲಿ ‘ಕಂತೆ’ಯಾಗಿ, ಸಂನ್ಯಾಸಿಯ ತೇಪೆ ಬಟ್ಟೆಯೆಂಬ ಮೊದಲ ಅರ್ಥವನ್ನು ಬಹುಮಟ್ಟಿಗೆ ಕಳೆದುಕೊಂಡು ಕಟ್ಟು ಎಂಬರ್ಥದಲ್ಲಿ ಬಾಳುತ್ತಿದೆ, ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಮಾತ್ರ ಅದರ ಹಳೆಯ ಮುಖ ಕಾಣುತ್ತದೆ. ಇದೇ ಶಬ್ದವು ಬಂಗಾಳದಲ್ಲಿ ‘ಕಾಂಥಾ’ ಎಂಬ ಸುಪ್ರಸಿದ್ಧ ಹೊಲಿಗೆಯಾಯಿತು. ತುಂಡು ಬಟ್ಟೆಗೆ ಅತ್ಯಂತ ಗೌರವದ ಸ್ಥಾನ ಕೊಟ್ಟವರು ಬೌದ್ಧ ಭಿಕ್ಷುಗಳು. ಮಗಧದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ತೋರಿಸಿ, ಆ ವಿನ್ಯಾಸದಲ್ಲಿ ತುಂಡುಗಳನ್ನು ಕೂಡಿಸಿ ಚೀವರವನ್ನು ಹೊಲಿಯುವಂತೆ ಬುದ್ಧನು ಆನಂದನಿಗೆ ಹೇಳಿದ ಪ್ರಸಂಗವು ವಿನಯಪಿಟಕದಲ್ಲಿದೆ. ನಮ್ಮ ಶರಣರಲ್ಲಿ ಸೂಜಿಯನ್ನೇ ಕಾಯಕವಾಗಿ ಹಿಡಿದ ರಾಮಿತಂದೆಯಿದ್ದಾನೆ, ನೂಲುವ ಕದಿರನ್ನು ಹಿಡಿದ ರೆಮ್ಮವ್ವೆಯಿದ್ದಾಳೆ.

ಹೊಸ ಬಟ್ಟೆಯಿಂದಲೇ ಚೂರು ಬೀಳತೊಡಗಿದ್ದು ರವಿಕೆ, ಅಂಗಿ, ಷರಾಯಿಗಳು ಮನೆಮನೆಗೂ ಬಂದ ಮೇಲೆ. ಮೈಯ ಆಕಾರಕ್ಕೆ ತಕ್ಕಂತೆ ಬಟ್ಟೆ ಕತ್ತರಿಸುವಾಗ ಕಂಕುಳ ಬಳಿ, ಕೊರಳ ಬಳಿ ಚೂರು ಬಿದ್ದೇ ಬೀಳುತ್ತದೆ. ೧೮೫೧ರಲ್ಲಿ ಅಮೆರಿಕದ ಸಿಂಗರ್ ಎಂಬಾತನು ಹಕ್ಕುಪತ್ರ ಪಡೆದ ಹೊಲಿಗೆಯ ಯಂತ್ರವು ಈ ಕೆಲಸವನ್ನು ಊರೂರಿಗೆ ಒಯ್ದಿತು. ಯಂತ್ರಗಳ ವಿಷಯದಲ್ಲಿ ಬಿಗಿಯಾಗಿದ್ದ ಗಾಂಧೀಜಿಯವರು ಕೂಡ ೧೯೨೪ರಲ್ಲಿ ಮಾತನಾಡುತ್ತ ಹೊಲಿಗೆಯ ಯಂತ್ರವೊಂದಕ್ಕೆ ವಿನಾಯಿತಿ ಕೊಟ್ಟರು. ಊರ ದರ್ಜಿಯ ಯಂತ್ರದ ಕೆಳಗೆ ಬಿದ್ದ ಬಣ್ಣದ ಚೂರುಗಳನ್ನು ಆಯ್ದು ತಂದು ಬೊಂಬೆಗೆ ಸೀರೆ ಉಡಿಸುವುದು ಹೆಣ್ಣುಮಕ್ಕಳ ಆಟವಾಯಿತು. ತಾಯಂದಿರು ಅವುಗಳಿಂದ ಕೂಸಿಗೆ ಕುಲಾವಿ, ತಮಗೆ ಸಂಚಿ ಹೊಲಿದುಕೊಂಡರು.

ಇತ್ತ ಕೊಯಮತ್ತೂರಿನಲ್ಲಿ ೧೮೮೮ರಲ್ಲಿ ಸ್ಟೇನ್ಸ್ ಅವರ ನೂಲಿನ ಗಿರಣಿ ಸ್ಥಾಪಿತವಾಯಿತು. ೧೯೩೨ರ ಬಳಿಕ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಇಳಿದು ಬಂದೊಡನೆ ಗಿರಣಿಗಳ ಸಾಲೇ ಎದ್ದಿತು. ಬಟ್ಟೆಯು ಸುಲಭವಾಯಿತೆಂದು ಜನರು ತಿಳಿಯುವಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ೧೯೪೩ರಲ್ಲಿ ಸರ್ಕಾರವು ಹತ್ತಿಯ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣಾಜ್ಞೆಯನ್ನು ಹೊರಡಿಸಿತು. ನೂಲು ಸಾಲದೆ ಕೈಮಗ್ಗಗಳು ಬರಿದಾಗಿ ನಿಂತವು. ನೇಯುವವರಿಗೇ ಉಡಲು ಬಟ್ಟೆಯಿಲ್ಲದ ಆ ದಿನಗಳನ್ನು ಕಂಡ ತಲೆಮಾರಿನ ಹೆಂಗಸರು ಆಮೇಲೆ ಎಷ್ಟು ಸುಭಿಕ್ಷವಾದರೂ ಅಂಗೈಯಗಲದ ಚೂರನ್ನು ಬಿಸಾಡಲಿಲ್ಲ. ಪೆಟ್ಟಿಗೆಯ ತಳದಲ್ಲಿ ಗಂಟು ಕಟ್ಟಿಟ್ಟರು. ಅದನ್ನು ಜಿಪುಣತನವೆಂದು ನಗುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ, ಈಗ ನಾಚಿಕೆಯಾಗುತ್ತದೆ.

ತಿರುಪ್ಪೂರಿನ ಕಥೆಯೇ ಬೇರೆ. ಅಲ್ಲಿ ಬೆಳೆದದ್ದು ನೇಯ್ಗೆಯಲ್ಲ, ಹೆಣಿಗೆ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ಎಳೆಗಳು ಅಡ್ಡಡ್ಡ ಹಾಯುತ್ತವೆ. ಹೆಣೆದ ಬಟ್ಟೆಯಲ್ಲಿ ಎಳೆಯು ಕುಣಿಕೆ ಕುಣಿಕೆಯಾಗಿ ತನ್ನೊಳಗೇ ಸಿಕ್ಕಿಕೊಳ್ಳುತ್ತದೆ. ೧೫೮೯ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿಯು ಕಾಲುಚೀಲ ಹೆಣೆಯುವುದಕ್ಕಾಗಿ ಕಲ್ಪಿಸಿದ ಯಂತ್ರವು ಈ ಕುಲದ ಮೂಲಪುರುಷ. ತಿರುಪ್ಪೂರಿನಲ್ಲಿ ಮೊದಲು ಬಿಳಿಯ ಬನಿಯನ್ನು ತಯಾರಾಗುತ್ತಿತ್ತು. ೧೯೭೦ರ ದಶಕದ ಕೊನೆಗೆ ವಿದೇಶದ ಕೊಳ್ಳುವವರು ಬಂದರು. ೨೦೦೯ರಲ್ಲಿ ಪಟ್ಟಣವು ಜಿಲ್ಲೆಯ ಕೇಂದ್ರವೂ ಆಯಿತು. ಯಂತ್ರದಿಂದ ಬಟ್ಟೆಯು ಕೊಳವೆಯಾಕಾರದಲ್ಲಿ ಇಳಿಯುತ್ತದೆ. ಪದರ ಪದರವಾಗಿ ಪೇರಿಸಿ ಕತ್ತರಿಸುವಾಗ ಕೊರಳಿನ ಕಡೆಯಿಂದಲೂ ತೋಳಿನ ಕಡೆಯಿಂದಲೂ ಅರ್ಧಚಂದ್ರಾಕಾರದ ಚೂರುಗಳು ರಾಶಿಯಾಗಿ ಬೀಳುತ್ತವೆ. ಚರಿತ್ರೆಯಲ್ಲಿ ಎಂದೂ ಇಲ್ಲದಷ್ಟು ಚಿಂದಿ ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಹೀಗೆ.

ಈ ರಾಶಿಯು ವ್ಯರ್ಥವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಬಣ್ಣ ಬಣ್ಣವಾಗಿ ವಿಂಗಡಿಸಿ ಮೂಟೆ ಕಟ್ಟುತ್ತಾರೆ. ಬಿಳಿಯದಕ್ಕೆ ಬೆಲೆ ಹೆಚ್ಚು. ಅದನ್ನು ಯಂತ್ರದಲ್ಲಿ ಪಿಂಜಿ ಮರಳಿ ದಪ್ಪ ನೂಲನ್ನಾಗಿ ತೆಗೆಯುವ ಗಿರಣಿಗಳು ಇಲ್ಲಿಯೇ ಇವೆ. ಇನ್ನೊಂದಷ್ಟು ಕಾರ್ಖಾನೆಗಳಲ್ಲಿ ಯಂತ್ರದ ಎಣ್ಣೆ ಒರಸಲು ಹೋಗುತ್ತದೆ, ಕೆಲವು ಕಾಲೊರಸುಗಳಾಗುತ್ತವೆ. ಬಣ್ಣದ ಚೂರನ್ನು ಕಂಡಾಗ ಮಾತ್ರ ನನಗೆ ನೊಯ್ಯಲ್ ನದಿಯ ನೆನಪಾಗುತ್ತದೆ. ಬಣ್ಣದ ಕೊಳೆನೀರು ನದಿಯನ್ನು ಸೇರಿದ್ದರಿಂದಾಗಿ ೨೦೧೧ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಅಷ್ಟು ನೀರನ್ನು ಕೆಡಿಸಿ ಪಡೆದ ಬಣ್ಣವು ಕಸದ ಬುಟ್ಟಿಯಲ್ಲಿರುವುದು ಸಣ್ಣ ಸಂಗತಿಯಲ್ಲ.

ಚೂರು ಇಷ್ಟೊಂದು ಇದ್ದರೂ ಅದನ್ನು ಕೂಡಿಸುವ ಕೈ ಈಗ ನಮ್ಮಲ್ಲಿ ಅಪರೂಪ. ಆ ಕೈಯನ್ನು ನೋಡಬೇಕಾದರೆ ಮಗ್ಗದ ಊರುಗಳನ್ನು ಬಿಟ್ಟು ಕನ್ನಡನಾಡಿನ ಉತ್ತರಕ್ಕೆ ಹೋಗಬೇಕು. ಧಾರವಾಡ, ವಿಜಯಪುರದ ಕಡೆ ಹಳೆಯ ಸೀರೆ ಧೋತರಗಳನ್ನು ನೆಲದ ಮೇಲೆ ಪದರವಾಗಿ ಹರಡಿ, ಮೇಲೆ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಾರ ಎಳೆಯುತ್ತಾರೆ. ಉತ್ತರಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡುಗಳಲ್ಲಿ ವಾಸಿಸುವ ಸಿದ್ದಿ ಜನಾಂಗದ ಹೆಂಗಸರ ಕೌದಿಯು ಇನ್ನೂ ವಿಶಿಷ್ಟವಾದುದು. ಇವರ ಪೂರ್ವಿಕರು ಆಫ್ರಿಕದಿಂದ ಬಂದವರು. ಒಂದು ಮೂಲೆಯಿಂದ ತೊಡಗಿ ಸುತ್ತುತ್ತ ನಡುವಿಗೆ ಬರುವ ಇವರ ಹೊಲಿಗೆಯಲ್ಲಿ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋಣದ ಬಟ್ಟೆಯನ್ನು ಇಡುತ್ತಾರೆ. ಅದಕ್ಕೆ ‘ಫೂಲ’, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿಯು ಬತ್ತಲೆಯೆಂದು ಅವರ ಭಾವನೆ. ವಿದೇಶದ ವಿದ್ವಾಂಸರು ಬಂದು ಇದನ್ನು ಕಲೆಯೆಂದು ಕೊಂಡಾಡಿದ ಮೇಲೆ ನಾವೂ ಕಣ್ಣು ತೆರೆದೆವು!

ನಮ್ಮ ಮನೆಗಳಲ್ಲಿಯೂ ಇದು ಅಸಾಧ್ಯವಲ್ಲ. ಸೂಜಿ ಹಿಡಿದು ಕೆಟ್ಟ ಅನುಭವದಿಂದ ಎರಡು ಮಾತು ಹೇಳುತ್ತೇನೆ. ಹೊಸ ಚೂರನ್ನೂ ಹಳೆಯದನ್ನೂ ಒಂದೇ ಕೌದಿಗೆ ಕೂಡಿಸುವುದಾದರೆ ಹೊಸದನ್ನು ಮೊದಲು ಒಗೆದು ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲಿಯೇ ಅದು ಕುಗ್ಗಿ ಇಡೀ ಹೊಲಿಗೆ ಸುಕ್ಕುಗಟ್ಟುತ್ತದೆ. ಜೀರ್ಣವಾದ ಸೀರೆಯ ಪಕ್ಕದಲ್ಲಿ ಷರಾಯಿಯ ದಪ್ಪ ಬಟ್ಟೆಯನ್ನು ಇಡಬಾರದು; ಗಟ್ಟಿಯದು ಮೆತ್ತಗಿನದನ್ನು ಹರಿಯುತ್ತದೆ. ಬನಿಯನ್ನಿನ ಬಟ್ಟೆಯಂತೂ ಜಗ್ಗಿದತ್ತ ಹೋಗುವುದರಿಂದ ಕೌದಿಗೆ ಒಗ್ಗುವುದಿಲ್ಲ. ಅದಕ್ಕೆ ಬೇರೆ ಉಪಾಯವಿದೆ. ಪಕ್ಕದಲ್ಲಿ ಹೊಲಿಗೆಯಿಲ್ಲದ ಹಳೆಯ ಬನಿಯನ್ನನ್ನು ಕೆಳಗಿನಿಂದ ಒಂದಂಗುಲದ ಅಗಲದಲ್ಲಿ ಸುತ್ತಿ ಸುತ್ತಿ ಕತ್ತರಿಸುತ್ತ ಹೋದರೆ ಕಂಕುಳವರೆಗೆ ಎಲ್ಲಿಯೂ ಕಡಿಯದ ಒಂದೇ ಪಟ್ಟಿ ದೊರೆಯುತ್ತದೆ. ಅದನ್ನು ಬಿಗಿಯಾಗಿ ಎಳೆದರೆ ಎರಡು ಅಂಚುಗಳೂ ತಾವಾಗಿ ಸುರುಳಿಕೊಂಡು ದುಂಡನೆಯ ಹುರಿಯಾಗುತ್ತದೆ. ಮೂರು ಹುರಿಗಳನ್ನು ಜಡೆ ಹೆಣೆದು, ಸುತ್ತಿ, ಕೈಯಿಂದ ಹೊಲಿದರೆ ಹೊಸಲಿಗೆ ಒಳ್ಳೆಯ ಕಾಲೊರಸು.

ತರಗತಿಯಲ್ಲಿ ಆ ದಿನ ಮಕ್ಕಳಿಗೆ ಒಂದು ಕೆಲಸ ಹೇಳಿ ಕಳಿಸಿದ್ದೆ: ಮನೆಯಲ್ಲಿ ಅಜ್ಜಿಯರಿದ್ದರೆ ತುಂಡು ಬಟ್ಟೆಗೆ ಏನೆನ್ನುತ್ತಿದ್ದರೆಂದು ಕೇಳಿ ಬರೆದು ತರಬೇಕೆಂದು. ‘ವೇಸ್ಟು’ ಎಂದ ಹುಡುಗನು ಮಾರನೆಯ ದಿನ ಏನನ್ನೂ ಬರೆದು ತರಲಿಲ್ಲ. ಚೀಲದಿಂದ ಒಂದು ಎಲೆಯಡಿಕೆಯ ಸಂಚಿಯನ್ನು ತೆಗೆದು ಮೇಜಿನ ಮೇಲಿಟ್ಟನು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಮೂರು ಅರೆಗಳು. ಹೊರಗೆ ಹಸಿರು, ಕೆಂಪು, ಅರಿಸಿನದ ಬಣ್ಣದ ರವಿಕೆಯ ಚೂರುಗಳು. ಬಾಯಿಗೆ ಎಳೆಯುವ ದಾರವು ಮಗ್ಗದ ಕುಚ್ಚಿನಿಂದ ಹೊಸೆದದ್ದು. ‘ಅಜ್ಜಿ ಅವರವ್ವನ ಕೈಯ ಹೊಲಿಗೆ ಅಂದ್ರು, ಸಾರ್, ಸಾಯಂಕಾಲದೊಳಗೆ ವಾಪಸು ಬೇಕಂತೆ’ ಎಂದನು. ತೆರೆದು ನೋಡಿದೆ. ಒಳಗೆ ಅಡಿಕೆಯ ವಾಸನೆ ಇನ್ನೂ ಇತ್ತು.