ಗಣಕ ವಿಜ್ಞಾನ ಶಿಕ್ಷಣ: ಸ್ತ್ರೀವಾದಿ ದೃಷ್ಟಿಕೋನಗಳು

ಗಣಕ ವಿಜ್ಞಾನವನ್ನು ಯಾರು, ಯಾವ ಷರತ್ತಿನ ಮೇಲೆ ಕಲಿಯುತ್ತಾರೆ, ಪಾಠಕ್ರಮ ಯಾರ ಅನುಭವವನ್ನು ಸಹಜವೆಂದು ಭಾವಿಸುತ್ತದೆ ಎಂಬುದನ್ನು ಲಿಂಗಸಂಬಂಧಗಳ ನೆಲೆಯಲ್ಲಿ ಪರಿಶೀಲಿಸುವ ಅಧ್ಯಯನ. ವಿದ್ಯಾರ್ಥಿನಿಯರ ಸಂಖ್ಯೆ ಇದರ ಒಂದು ಭಾಗ ಮಾತ್ರ.

ಹಿನ್ನೆಲೆ

1946ರಲ್ಲಿ ಸಾರ್ವಜನಿಕವಾಗಿ ಪ್ರದರ್ಶನಗೊಂಡ ಎನಿಯಾಕ್ ಗಣಕಕ್ಕೆ ಮೊದಲು ಪ್ರೋಗ್ರಾಂ ರೂಪಿಸಿದವರು ಆರು ಮಂದಿ ಮಹಿಳೆಯರು. ಅಮೆರಿಕದ ಗಣಕ ವಿಜ್ಞಾನ ಪದವೀಧರರಲ್ಲಿ ಮಹಿಳೆಯರ ಪಾಲು 1980ರ ದಶಕದ ನಡುವೆ ಸುಮಾರು ಶೇ. 37 ಇದ್ದದ್ದು ಮುಂದೆ ಅರ್ಧಕ್ಕೆ ಇಳಿಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ನಡೆಸಿ 2002ರಲ್ಲಿ ಪುಸ್ತಕವಾಗಿ ತಂದ ಅಧ್ಯಯನ ಮಹಿಳೆಯರು ಕಡಿಮೆ ಇರುವುದರ ಕಾರಣಗಳನ್ನು ವಿವರವಾಗಿ ಹುಡುಕಿತು. ಮನೆಯ ಕಂಪ್ಯೂಟರ್ ಹೆಚ್ಚಾಗಿ ಮಗನ ಕೋಣೆ ಸೇರುತ್ತಿತ್ತು. ಹುಡುಗರು ಅದರಲ್ಲಿ ಪಳಗಿ ಬರುತ್ತಿದ್ದರು. ಮೊದಲ ವರ್ಷದ ತರಗತಿ ಆ ಪಳಗಿಕೆಯನ್ನೇ ಪ್ರತಿಭೆ ಎಂದು ಎಣಿಸುತ್ತಿತ್ತು. ಪ್ರವೇಶದಲ್ಲಿ ಪೂರ್ವಾನುಭವದ ತೂಕ ಇಳಿಸಿ, ಹೊಸಬರಿಗೂ ಹೊಂದುವ ಆರಂಭಿಕ ತರಗತಿಗಳನ್ನು ತೆರೆದ ಮೇಲೆ, ಅಲ್ಲಿ ಹೊಸದಾಗಿ ಸೇರುವವರಲ್ಲಿ ಮಹಿಳೆಯರ ಪಾಲು 1995ರ ಶೇ. 7ರಿಂದ 2000ದಲ್ಲಿ ಶೇ. 42ಕ್ಕೆ ಏರಿತು.

ಭಾರತ, ಕರ್ನಾಟಕ

ಭಾರತದ ಚಿತ್ರ ಬೇರೆ. ಇಲ್ಲಿನ ವಿದ್ಯಾರ್ಥಿನಿಯರು ಗಣಕ ವಿಜ್ಞಾನವನ್ನು ತಮಗೆ ಒಗ್ಗುವ, ಒಳಗೆ ಕೂತು ಬುದ್ಧಿಯಿಂದ ಮಾಡುವ ಕೆಲಸವೆಂದು ಕಾಣುತ್ತಾರೆಂದು ಸಂಶೋಧಕಿ ರೋಲಿ ವರ್ಮಾ ಅವರ ಅಧ್ಯಯನ ಹೇಳುತ್ತದೆ. ಬಿಸಿಲಿಲ್ಲ, ಕಟ್ಟಡ ಸ್ಥಳದ ಓಡಾಟವಿಲ್ಲ, ಸುರಕ್ಷಿತ ಎಂಬ ಕಾರಣಕ್ಕೆ ಮನೆಯವರು ಒಪ್ಪುವುದಾದರೆ, ಆ ಒಪ್ಪಿಗೆಯೇ ಒಂದು ಗಡಿಯೂ ಆಗಬಹುದು. ಗಡಿ ಉದ್ಯೋಗದಲ್ಲೂ ಇತ್ತು: ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕ ವಿಜ್ಞಾನ ಓದಿದ ಸುಧಾ ಮೂರ್ತಿ 1974ರಲ್ಲಿ ಮಹಿಳೆಯರು ಅರ್ಜಿ ಹಾಕಬಾರದೆಂದಿದ್ದ, ಟಾಟಾ ಸಮೂಹದ ಟೆಲ್ಕೋ ಕಂಪನಿಯ ಜಾಹೀರಾತನ್ನು ಪ್ರಶ್ನಿಸಿ ಜೆ. ಆರ್. ಡಿ. ಟಾಟಾ ಅವರಿಗೆ ಅಂಚೆ ಕಾರ್ಡ್ ಬರೆದರು, ಕೆಲಸವೂ ಸಿಕ್ಕಿತು. 2000ದ ದಶಕದಲ್ಲಿ ಮೈಸೂರು ಜಿಲ್ಲೆಯಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ಮಹಿಳಾ ಸಮಖ್ಯ ಕಾರ್ಯಕ್ರಮ ನಡೆಸಿದ ‘ಮಾಹಿತಿ ಮಂಥನ’ ಯೋಜನೆ, ರೇಡಿಯೊ, ವಿಡಿಯೊ ಮತ್ತು ಮಾಹಿತಿ ಕೇಂದ್ರಗಳನ್ನು ಗ್ರಾಮೀಣ ಮಹಿಳಾ ಸಂಘಗಳ ಕೈಗೆ ಕೊಟ್ಟಿತು. ಪದವಿಯಾಚೆಯ ಕಲಿಕೆಗೆ ಇದು ಮಹತ್ವದ ಕನ್ನಡ ನಿದರ್ಶನ.

ಗಡಿನಾಡು

ಕರ್ನಾಟಕದ ಗಡಿಗೆ ತಾಗಿದ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ಬಹಳ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಎಂಜಿನಿಯರಿಂಗ್ ತರಗತಿಯಲ್ಲಿ ಇಂಗ್ಲಿಷ್; ಮುಂದಿನ ಓದಿಗೆ ಊರು ಬಿಡಬೇಕಾದಾಗ ಹಾಸ್ಟೆಲ್ ಮತ್ತು ಬಸ್ಸಿನ ಪ್ರಶ್ನೆ ಹುಡುಗಿಯರಿಗೆ ಹೆಚ್ಚು ಬಿಗಿ. ಕಾರ್ನೆಗಿ ಮೆಲನ್‌ನ ಪಾಠ ಇಲ್ಲಿ ಭಾಷೆಗೂ ಅನ್ವಯಿಸುತ್ತದೆ: ಇಂಗ್ಲಿಷಿನ ಪೂರ್ವಪರಿಚಯವನ್ನು ತರ್ಕಶಕ್ತಿಯೆಂದು ಅಳೆಯಬಾರದು. ಮೊದಲ ವರ್ಷದ ಪ್ರೋಗ್ರಾಮಿಂಗನ್ನು ಕನ್ನಡ, ತೆಲುಗುಗಳಲ್ಲೂ ವಿವರಿಸುವುದು, ಲ್ಯಾಬನ್ನು ಕೊನೆಯ ಬಸ್ಸಿಗೆ ಮುಂಚೆ ನಡೆಸುವುದು ಈ ದೃಷ್ಟಿಯಿಂದ ಪಾಠಕ್ರಮದ್ದೇ ಸುಧಾರಣೆಗಳು.