ಸೌರ ಪಂಪ್‌ಸೆಟ್: ಕೊಳವೆಬಾವಿಯ ಇಳುವರಿಗೆ ತಕ್ಕ ಆಯ್ಕೆ ಮತ್ತು ನಿರ್ವಹಣೆ

ಸೌರಶಕ್ತಿಯು ನವೀಕರಿಸಬಹುದಾದ ಇಂಧನ ಮೂಲವಾಗಿದ್ದು, ನೀರಾವರಿಗೆ ಹಗಲಿನಲ್ಲಿಯೇ ವಿದ್ಯುತ್ ಒದಗಿಸುತ್ತದೆ. ಮೂರು ಫೇಸ್ ವಿದ್ಯುತ್ತಿಗಾಗಿ ಕಾದು, ರಾತ್ರಿ ವೇಳೆ ಹೊಲಕ್ಕೆ ಹೋಗುವ ಪ್ರಮೇಯ ಇದರಿಂದ ತಪ್ಪುತ್ತದೆ. ಆದರೆ ಬಿಸಿಲು ಪ್ರತಿದಿನ ಹೊಸದಾಗಿ ದೊರೆಯುವಂತೆ ಅಂತರ್ಜಲ ದೊರೆಯುವುದಿಲ್ಲ. ವಿದ್ಯುತ್ ವೆಚ್ಚವಿಲ್ಲವೆಂದು ದಿನವಿಡೀ ನೀರೆತ್ತಿದರೆ ಕೊಳವೆಬಾವಿ ಬತ್ತಿ, ಹೂಡಿದ ಬಂಡವಾಳವೇ ನಿಷ್ಫಲವಾಗಬಹುದು. ಆದ್ದರಿಂದ ಬೇಸಿಗೆಯಲ್ಲಿ ಬಾವಿಯು ನೀಡುವ ನೀರಿನ ಪ್ರಮಾಣವನ್ನು ಆಧರಿಸಿಯೇ ಪಂಪನ್ನು ಆಯ್ಕೆ ಮಾಡಬೇಕು.

ಇಳುವರಿ ಅಳೆಯುವ ವಿಧಾನ

ಏಪ್ರಿಲ್–ಮೇ ತಿಂಗಳಲ್ಲಿ ಈಗಿರುವ ಪಂಪನ್ನು 3–4 ಗಂಟೆ ಸತತವಾಗಿ ಚಾಲನೆ ಮಾಡಿ, ಅನಂತರ 200 ಲೀಟರ್ ಡ್ರಮ್ ತುಂಬಲು ಹಿಡಿಯುವ ಸಮಯವನ್ನು ಗುರುತಿಸಬೇಕು.

ಉದಾಹರಣೆ: ಡ್ರಮ್ 2 ನಿಮಿಷದಲ್ಲಿ ತುಂಬಿದರೆ ಇಳುವರಿ ಗಂಟೆಗೆ 6,000 ಲೀಟರ್. ಪೂರ್ಣ ಸಾಮರ್ಥ್ಯಕ್ಕೆ ಸಮನಾದ 5 ಗಂಟೆಗಳ ಬಿಸಿಲಿನಲ್ಲಿ ದಿನಕ್ಕೆ 30,000 ಲೀಟರ್ ದೊರೆಯುತ್ತದೆ. ಬೆಳೆಗೆ ದಿನಕ್ಕೆ 4 ಮಿ.ಮೀ. ನೀರು ಬೇಕೆಂದಾದರೆ ಎಕರೆಗೆ ಸುಮಾರು 16,000 ಲೀಟರ್ ಅವಶ್ಯಕ. ಹನಿ ನೀರಾವರಿಯ ದಕ್ಷತೆಯನ್ನು ಶೇ. 90 ಎಂದು ಪರಿಗಣಿಸಿದರೆ, ಈ ಬಾವಿಯಿಂದ ಒಂದೂವರೆ ಎಕರೆಗೆ ಮಾತ್ರ ಬೇಸಿಗೆ ಬೆಳೆ ಯೋಜಿಸುವುದು ಸೂಕ್ತ.

ಪಂಪಿನ ಆಯ್ಕೆ

ಪ್ರತಿ ಅಶ್ವಶಕ್ತಿಗೆ 900–1,000 ವ್ಯಾಟ್ ಸಾಮರ್ಥ್ಯದ ಫಲಕಗಳು ಬೇಕಾಗುತ್ತವೆ. ನೀರಿನ ಮಟ್ಟ ಆಳವಾದಂತೆ ಅದೇ ಪಂಪು ಎತ್ತುವ ನೀರು ಕಡಿಮೆಯಾಗುತ್ತದೆ. ಇಳುವರಿ ಕಡಿಮೆಯಿರುವ ಬಾವಿಗೆ ಹೆಚ್ಚು ಅಶ್ವಶಕ್ತಿಯ ಪಂಪು ಅಳವಡಿಸುವುದರಿಂದ ನೀರು ಹೆಚ್ಚುವುದಿಲ್ಲ. ಸಣ್ಣ ಪಂಪಿನಿಂದ ನಿಧಾನವಾಗಿ ನೀರೆತ್ತಿ, ತೊಟ್ಟಿ ಅಥವಾ ಪ್ಲಾಸ್ಟಿಕ್ ಹೊದಿಕೆಯುಳ್ಳ ಕೃಷಿ ಹೊಂಡದಲ್ಲಿ ಸಂಗ್ರಹಿಸಿ ಬಳಸಬೇಕು.

ಅಳವಡಿಕೆ ಮತ್ತು ನಿರ್ವಹಣೆ

• ಫಲಕಗಳು ದಕ್ಷಿಣಾಭಿಮುಖವಾಗಿದ್ದು, ಸ್ಥಳದ ಅಕ್ಷಾಂಶಕ್ಕೆ ಸಮೀಪದ ಕೋನದಲ್ಲಿ ಓರೆಯಾಗಿರಲಿ.
• ತೆಂಗು, ಬೇವು ಮುಂತಾದ ಮರಗಳ ನೆರಳು ಬೀಳದಿರಲಿ. ಒಂದು ಫಲಕದ ಮೇಲಿನ ನೆರಳು ಇಡೀ ಸಾಲಿನ ಉತ್ಪಾದನೆಯನ್ನು ಕುಗ್ಗಿಸಬಲ್ಲದು.
• ಧೂಳನ್ನು ಬೆಳಗಿನ ಹೊತ್ತು ಶುದ್ಧ ನೀರು ಮತ್ತು ಮೃದು ಬಟ್ಟೆಯಿಂದ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಸೀಳು ಬಿಡುವ ಸಂಭವವಿದೆ.
• ಭೂಸಂಪರ್ಕ, ಸಿಡಿಲು ನಿರೋಧಕ ಹಾಗೂ ನೀರಿಲ್ಲದಾಗ ಪಂಪನ್ನು ನಿಲ್ಲಿಸುವ ರಕ್ಷಣಾ ವ್ಯವಸ್ಥೆ ಕಡ್ಡಾಯವಾಗಿರಲಿ.

ಸಹಾಯಧನ

2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ‘ಬಿ’ ಘಟಕದಡಿ 7.5 ಅಶ್ವಶಕ್ತಿವರೆಗಿನ ಸೌರ ಪಂಪ್‌ಸೆಟ್‌ಗಳಿಗೆ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಸಹಾಯಧನ ನಿಗದಿಯಾಗಿದೆ. ಈ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣಗಳು ನೋಂದಣಿ ಶುಲ್ಕ ವಸೂಲು ಮಾಡಿರುವುದರಿಂದ, ಹಣ ಪಾವತಿಸುವ ಮುನ್ನ ಕ್ರೆಡಲ್ ಕಚೇರಿಯಲ್ಲಿ ಪ್ರಸಕ್ತ ನಿಯಮಗಳನ್ನು ಖಚಿತಪಡಿಸಿಕೊಳ್ಳಿ.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ಅರ್ಜಿ ಸಲ್ಲಿಸಲು ನೆರವಾಗುವ ಮೊದಲು, ಅವರ ಬಾವಿಯ ಬೇಸಿಗೆ ಇಳುವರಿಯನ್ನು ಅಳೆಯಿಸಿ ದಾಖಲಿಸುವುದು ಸೂಕ್ತ.