ಖಣದ ಕಥೆ: ಗುಳೇದಗುಡ್ಡದಿಂದ ಡೊಂಬಿವಲಿಯ ದಿವಾನಖಾನೆಗೆ

ಮನೆಯನ್ನು ಸಿಂಗರಿಸುವುದು ಹಣವುಳ್ಳವರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಬಹಳ ದಿನಗಳಿಂದ ಬೇರೂರಿದೆ. ಹೊಸ್ತಿಲ ಮುಂದೆ ರಂಗವಲ್ಲಿಯಿಡದೆ ದಿನವನ್ನು ಆರಂಭಿಸದ, ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವಾಗಲೂ ಬಣ್ಣಕ್ಕೆ ಬಣ್ಣ ಹೊಂದಿತೇ ಎಂದು ನೋಡುವ ಜನರ ವಿಷಯದಲ್ಲಿ ಈ ಮಾತು ಸಲ್ಲದು. ಆದರೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಎರಡು ಕೋಣೆಯ ಮನೆಗಳಿಗೆ ಬಂದು ನೆಲೆಸಿದ ಮೇಲೆ ನಮ್ಮ ಕಿಟಕಿಯ ಪರದೆ, ಕುರ್ಚಿಯ ದಿಂಬುಗಳ ಮೇಲೆ ಯಾವ ನಮೂನೆ ಇರಬೇಕೆಂಬುದನ್ನು ಅಂಗಡಿಕಾರನೇ ನಿರ್ಧರಿಸುತ್ತಿದ್ದಾನೆ.

ಬಟ್ಟೆಯ ಮೇಲಿನ ಒಂದು ಹೂವಿಗೆ ಎಷ್ಟು ಶಕ್ತಿಯುಂಟೆಂಬುದನ್ನು ಇತಿಹಾಸವೇ ತೋರಿಸಿದೆ. ಭಾರತದ ಚೀಟಿನ ಬಟ್ಟೆ ಯುರೋಪಿನ ಮನೆಗಳನ್ನು ಹೊಕ್ಕಾಗ ಅಲ್ಲಿಯ ನೇಕಾರರು ಗಾಬರಿಗೊಂಡರು. ಫ್ರಾನ್ಸ್ ದೇಶವು 1686ರಲ್ಲಿ ಅದನ್ನು ನಿಷೇಧಿಸಿತು. ಇಂಗ್ಲೆಂಡಿನ 1721ರ ಕಾಯಿದೆಯಂತೂ ಅಚ್ಚಿನ ಹತ್ತಿಬಟ್ಟೆಯನ್ನು ಉಡುಪಿಗಷ್ಟೇ ಅಲ್ಲ, ಹಾಸಿಗೆ, ಪರದೆ ಮೊದಲಾದ ಮನೆಯ ಬಳಕೆಗೂ ಕೂಡದೆಂದಿತು. ಕಾಶ್ಮೀರದ ಶಾಲಿನ ಮಾವಿನಕಾಯಿ ನಮೂನೆಗೆ ಇಂದು ಲೋಕವೆಲ್ಲ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೆಸರನ್ನಿಟ್ಟು ಕರೆಯುತ್ತಿದೆ. ನಮೂನೆ ಒಬ್ಬರದು, ಹೆಸರು ಇನ್ನೊಬ್ಬರದು! ಇಂಥದೇ ಗತಿ ನಮ್ಮ ಖಣಕ್ಕೂ ಬರುತ್ತಿರುವುದರಿಂದ ಅದರ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಖಣಕ್ಕೆ ತವರು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಎಂದು ಜೋಡಿಯಾಗಿಯೇ ಹೇಳುವುದು ಉತ್ತರ ಕರ್ನಾಟಕದ ರೂಢಿ. ಖಣವೆಂದರೆ ಒಂದು ಕುಬಸಕ್ಕೆ ಸಾಕಾಗುವಷ್ಟು ಬಟ್ಟೆ. ಬಸುರಿಯ ಏಳನೆಯ ತಿಂಗಳ ಶುಭಕಾರ್ಯಕ್ಕೇ ನಮ್ಮ ಕಡೆ ಕುಬಸವೆಂಬ ಹೆಸರಿದೆಯೆಂದ ಮೇಲೆ ಈ ತುಂಡು ಬಟ್ಟೆಯ ಮಾನವನ್ನು ಬೇರೆ ಹೇಳಬೇಕಿಲ್ಲ. ಮುತ್ತೈದೆಯರ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಗಳೊಡನೆ ಖಣವಿರಲೇಬೇಕು. ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಓಟಿ ತುಂಬುವುದೂ ಖಣ-ನಾರಳಗಳಿಂದಲೇ. ಬಟ್ಟೆ ಕನ್ನಡ ನಾಡಿನದು; ಬಳಕೆ ಎರಡೂ ನಾಡುಗಳದು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1956ರ ನವೆಂಬರ್ 1ರವರೆಗೆ ಅಂದಿನ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಗುಳೇದಗುಡ್ಡಕ್ಕೂ ಠಾಣೆಗೂ ರಾಜಧಾನಿ ಒಂದೇ. ಮುಂಬಯಿಯಿಂದ ಠಾಣೆಗೆ 1853ರಲ್ಲಿ, ಕಲ್ಯಾಣಕ್ಕೆ 1854ರಲ್ಲಿ ರೈಲು ಬಂದಿತು. ಹೋಟಗಿಯಿಂದ ಗದಗಿನವರೆಗಿನ ಹಳಿ 1884ರಲ್ಲಿ ಸಿದ್ಧವಾಯಿತು. ಆ ಹಾದಿಯಲ್ಲಿ ಬಾಗಲಕೋಟೆ-ಬಾದಾಮಿಗಳ ನಡುವೆ ‘ಗುಳೇದಗುಡ್ಡ ರೋಡ್’ ಎಂಬ ನಿಲ್ದಾಣ ಈಗಲೂ ಇದೆ. ಸೊಲ್ಲಾಪುರ, ಪುಣೆಗಳ ಮೇಲಿಂದ ಕಲ್ಯಾಣಕ್ಕೆ ಖಣದ ಗಂಟು ಬರಲು ಹಾದಿಯಾದದ್ದು ಹೀಗೆ.

ಇನ್ನು ನೇಯ್ಗೆಯ ವಿಷಯ. ಖಣದ ಮೇಲಿನ ಚಿತ್ರ ಅಚ್ಚಿನದೂ ಅಲ್ಲ, ಕಸೂತಿಯದೂ ಅಲ್ಲ. ಬಟ್ಟೆಯ ಮೂಲ ಹಾಸಿನ ಜೊತೆಗೆ ನಮೂನೆಗೆಂದೇ ಹೆಚ್ಚಿನ ಎಳೆಗಳ ಇನ್ನೊಂದು ಹಾಸನ್ನು ಹೂಡುತ್ತಾರೆ. ಮಗ್ಗದ ಮೇಲಿನ ಡಾಬಿ ಈ ಎಳೆಗಳನ್ನು ಬೇಕಾದಾಗ ಎತ್ತುತ್ತದೆ, ಬೇಡವಾದಾಗ ಬಿಡುತ್ತದೆ. ಎತ್ತಿದಲ್ಲಿ ಹೂವು ಮೂಡುತ್ತದೆ, ಬಿಟ್ಟಲ್ಲಿ ಎಳೆ ಹಿಂಬದಿಗೆ ಸರಿಯುತ್ತದೆ. ಆದ್ದರಿಂದಲೇ ನಮೂನೆಗಳು ಉದ್ದಕ್ಕೆ ಸಾಲುಸಾಲಾಗಿ ಬರುತ್ತವೆ. ಎರಡೂ ಅಂಚಿನ ದಡಿ ಕುಬಸ ಹೊಲಿದಾಗ ತೋಳಿನ ತುದಿಗೆ ಸರಿಯಾಗಿ ಬಂದು ಕೂಡುತ್ತದೆ. ಅಳತೆಯನ್ನು ಮೊದಲೇ ಮನಸ್ಸಿನಲ್ಲಿಟ್ಟು ನೇಯ್ದ ಬಟ್ಟೆಯಿದು.

ನಮೂನೆಗಳಿಗೆಲ್ಲ ಹೆಸರುಗಳಿವೆ: ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ, ಸಿದ್ಧೇಶ್ವರ ಮುಖ, ತುಳಸಿ, ಕ್ಯಾದಗಿ. ಜಾತ್ರೆ, ಅಂಗಳ, ದೇವರ ಕೋಣೆ ಎಲ್ಲವೂ ಈ ಆರು ಹೆಸರುಗಳಲ್ಲಿ ಅಡಗಿವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ಸಮೀಪದಲ್ಲಿಯೇ ಇರುವುದರಿಂದ ಇವು ಚಾಲುಕ್ಯರ ಕಾಲದಿಂದ ಇಳಿದು ಬಂದವೆಂದು ಅಭಿಮಾನಿಗಳು ಹೇಳುವುದುಂಟು. ಐಹೊಳೆಯ ಗುಡಿಗಳ ಜಾಲಂಧ್ರಗಳನ್ನು ನೋಡಿದರೆ ಹಾಗೆನ್ನಿಸುವುದು ಸಹಜ. ಆದರೆ ಹೋಲಿಕೆಯಿದ್ದ ಮಾತ್ರಕ್ಕೆ ವಂಶಾವಳಿ ಬರೆಯುವುದು ನನ್ನ ಮಟ್ಟಿಗೆ ಇತಿಹಾಸವಲ್ಲ.

ಖಣದ ಕಷ್ಟಗಳು ಬಳಕೆ ಬದಲಾದಂತೆ ಬೆಳೆದವು. ಸೀರೆಯ ಜೊತೆಯಲ್ಲಿಯೇ ರವಿಕೆಯ ತುಂಡು ಬರತೊಡಗಿತು. ಹೆಣ್ಣುಮಕ್ಕಳು ದಿನವೂ ಸೀರೆ ಉಡುವುದೂ ಕಡಿಮೆಯಾಯಿತು. ರೇಷ್ಮೆಯ ಸ್ಥಾನಕ್ಕೆ ಅಗ್ಗದ ಕೃತಕ ಎಳೆ ಬಂದಿತು. ಆದರೂ ಖಣ ಸಾಯಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಈ ಊರುಗಳಲ್ಲಿಯೇ ಅದು ಮೈಮೇಲಿಂದಿಳಿದು ಮನೆಯೊಳಗೆ ಸೇರಿದೆ. ದೀಪಾವಳಿಗೆ ಖಣದ ಆಕಾಶಬುಟ್ಟಿ, ಬಾಗಿಲಿಗೆ ಖಣದ ತೋರಣ, ಗಣಪತಿಯ ಹಿಂದೆ ಖಣದ ಪರದೆ. ಇದನ್ನು ಮೊದಲು ಮನಗಂಡವರು ಮರಾಠಿ ಗೃಹಿಣಿಯರೆಂಬುದನ್ನು ಒಪ್ಪಿಕೊಳ್ಳಬೇಕು. ಬ್ಯಾಂಕಿನ ಗುಮಾಸ್ತನಾದ ನನಗೆ ಲೆಕ್ಕ ಬಿಡದು: ಕುಬಸಕ್ಕೆ ಒಂದೇ ಖಣ ಸಾಕು, ನಾಲ್ಕು ದಿಂಬು, ಒಂದು ತೋರಣಕ್ಕೆ ಒಂದು ಖಣದಿಂದ ಆಗದು. ಮಗ್ಗಕ್ಕೆ ಇದು ಒಳ್ಳೆಯ ಗಿರಾಕಿ.

ಆದರೆ ಬೇಡಿಕೆ ಬಂದಲ್ಲಿ ನಕಲೂ ಬರುತ್ತದೆ. ಪಾಲಿಯೆಸ್ಟರಿನ ಮೇಲೆ ಖಣದ ಚಿತ್ರವನ್ನು ಅಚ್ಚು ಹಾಕಿದ ಬಟ್ಟೆ ಪೇಟೆಯಲ್ಲಿದೆ. ಪಕ್ಕದ ಭಿವಂಡಿಯಲ್ಲಿ ವಿದ್ಯುನ್ಮಗ್ಗಗಳ ಸದ್ದನ್ನು ಕೇಳುವ ನಾವು ಯಂತ್ರವನ್ನು ಹಳಿಯುವುದು ಸರಿಯಲ್ಲ. ಅದೂ ಸಾವಿರಾರು ಸಂಸಾರಗಳ ಅನ್ನ. ಅಚ್ಚಿನ ಬಟ್ಟೆಯನ್ನು ಅಚ್ಚಿನದೆಂದೇ ಹೇಳಿ ಮಾರಲಿ. ಕೊಳ್ಳುವವರು ಬಟ್ಟೆಯನ್ನು ಮಗುಚಿ ನೋಡಿದರೆ ಸಾಕು: ಅಚ್ಚಿನದಾದರೆ ಹಿಂದೆ ಬಣ್ಣ ಮಾಸಲಾಗಿರುತ್ತದೆ, ನೇಯ್ದದ್ದಾದರೆ ನಮೂನೆಯ ಬಿಡಿ ಎಳೆಗಳು ಹಿಂದೆ ಹರಿದಿರುವುದು ಕಾಣುತ್ತದೆ. ಕೈಮಗ್ಗದ್ದೇ ಬೇಕೆಂದರೆ 2006ರಲ್ಲಿ ಆರಂಭವಾದ ಹ್ಯಾಂಡ್‌ಲೂಮ್ ಮಾರ್ಕ್ ಗುರುತನ್ನು ಕೇಳಬಹುದು.

ಎಲ್ಲಿ ಯಾವುದನ್ನು ಬಳಸಬೇಕೆಂಬುದಕ್ಕೂ ಒಂದು ವಿವೇಕ ಬೇಕು. ಸಣ್ಣ ಕೋಣೆಗೆ ಸಣ್ಣ ನಮೂನೆಯೇ ಚೆಂದ. ಗೋಡೆ, ಪರದೆ, ದಿಂಬು ಎಲ್ಲವೂ ಖಣವಾದರೆ ಅದು ಮನೆಯಾಗದೆ ಅಂಗಡಿಯಾಗುತ್ತದೆ. ಪಡುವಣ ಬಿಸಿಲು ಬೀಳುವ ಕಿಟಕಿಗೆ ಖಣ ಬೇಡ, ರೇಷ್ಮೆ ಬಿಸಿಲಿಗೆ ಸೋಲುತ್ತದೆ. ನೆಲಕ್ಕೆ ನವಲಗುಂದದ ಜಮಖಾನವಿದೆ. ಅಲ್ಲಿ ಅದನ್ನು ನೇಯುವವರು ಮುಸಲ್ಮಾನ ಹೆಣ್ಣುಮಕ್ಕಳು. 1985ರ ಕಾಯಿದೆ ಜಮಖಾನವನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆಯಾದರೂ ನವಲಗುಂದದಲ್ಲಿ ನೇಯುವ ಕೈಗಳು ಈಗ ಬೆರಳೆಣಿಕೆಯಷ್ಟೇ.

ಇಲ್ಲಿಯ ಅಂಗಡಿಗಳಲ್ಲಿ ತೇರಿಗೂ ಆನೆ ಹೆಜ್ಜೆಗೂ ಒಂದೇ ಹೆಸರು: ‘ಟ್ರೆಡಿಶನಲ್ ಡಿಸೈನ್’. ಬೇಲಾಪುರದ ಅರ್ಬನ್ ಹಾಟಿನಲ್ಲಿ ಕುಶಲಕರ್ಮಿಗಳೇ ಬಂದು ಮಾರುವ ಮೇಳಗಳು ನಡೆಯುತ್ತವೆ. ಗುಳೇದಗುಡ್ಡದವರು ಅಲ್ಲಿ ಸಿಕ್ಕರೆ, ನಮ್ಮ ಸಂಘದ ಭಗಿನಿಯರು ಕನ್ನಡದಲ್ಲಿಯೇ ಮಾತನಾಡಿಸಿ, “ಸಿದ್ಧೇಶ್ವರ ಮುಖದ ಖಣ ಐತೇನ್ರೀ?” ಎಂದು ಹೆಸರು ಹಿಡಿದು ಕೇಳಿ ನೋಡಬೇಕು.